ಸ್ವೀಡನ್ನಿನ ಕೆಂಪು, ಸಂಡೂರಿನ ಕೆಂಪು

ಶಾಬಾನ್ ತಿಂಗಳು ಬಂತೆಂದರೆ ನಮ್ಮ ಓಣಿಗಳಲ್ಲಿ ಏಣಿ, ಬ್ರಷ್ಷು, ಬಕೆಟ್ಟುಗಳು ಹೊರಬರುತ್ತವೆ. ರಮ್ಜಾನ್ ಶುರುವಾಗುವ ಮೊದಲು ಮನೆಗೆ ಬಣ್ಣ ಆಗಿರಬೇಕು. ಪಕ್ಕದ ಓಣಿಯಲ್ಲಿ ಇದೇ ಕೆಲಸ ಯುಗಾದಿಗೋ ದೀಪಾವಳಿಗೋ ನಡೆಯುತ್ತದೆ. ಮನೆಯಲ್ಲಿ ಮದುವೆ ಇದ್ದರಂತೂ ಕೇಳುವುದೇ ಬೇಡ. ಮೊದಲೆಲ್ಲ ಅಂಗಡಿಯ ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸುತ್ತಿದ್ದರು. ಈಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿ "ಇದೇ ತರ ಬೇಕು" ಎನ್ನುತ್ತಾರೆ. ಆ ಫೋಟೊ ಹೆಚ್ಚಾಗಿ ಒಂದೇ ತರ ಇರುತ್ತದೆ: ಬಿಳಿ ಗೋಡೆ, ತಿಳಿ ಬೂದು ಸೋಫಾ, ತಿಳಿ ಬಣ್ಣದ ಮರದ ಮೇಜು, ಮೂಲೆಯಲ್ಲಿ ಒಂದು ಹಸಿರು ಗಿಡ. ಇದನ್ನು ಸ್ಕ್ಯಾಂಡಿನೇವಿಯನ್ ಶೈಲಿ ಎಂದು ಕರೆಯುತ್ತಾರೆ.

ನೋಡಲು ಅದು ಚೆನ್ನಾಗಿಯೇ ಇದೆ. ಆದರೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮನೆಗೆ ಅದೇ ಬಿಳಿ ಬಣ್ಣ ಬಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ನೋಡೋಣ. ಆ ಬಣ್ಣಗಳು ಅವರ ನಾಡಿನಲ್ಲಿ ಏಕೆ ಹುಟ್ಟಿದವು? ಅವುಗಳಲ್ಲಿ ಯಾವುದು ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಗೆ ಹೊಂದುತ್ತದೆ?

ಬೆಳಕು ಕಡಿಮೆ ಇರುವ ನಾಡು

ಸ್ಕ್ಯಾಂಡಿನೇವಿಯಾ ಎಂದರೆ ಮುಖ್ಯವಾಗಿ ಸ್ವೀಡನ್, ನಾರ್ವೆ ಮತ್ತು ಡೆನ್ಮಾರ್ಕ್. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಸುಮಾರು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಹೊಸಪೇಟೆ ಸುಮಾರು 15 ಡಿಗ್ರಿಯಲ್ಲಿದೆ. ಭೂಗೋಳದ ಪುಸ್ತಕದಲ್ಲಿ ಇದು ಬರೀ ಒಂದು ಅಂಕಿ. ಮನೆಯ ಗೋಡೆಗೆ ಬಂದಾಗ ಇದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು 6 ಗಂಟೆ ಮಾತ್ರ. ಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಸುಮಾರು 7 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಅಂದರೆ ನಮ್ಮಲ್ಲಿ ಸಂಜೆ ಮುಳುಗುವ ಮೊದಲಿನ ಸೂರ್ಯ ಅವರಿಗೆ ನಡು ಮಧ್ಯಾಹ್ನದ ಸೂರ್ಯ. ಅಂಥ ಬೆಳಕು ಕಿಟಕಿಯಿಂದ ಒಳಗೆ ಬಂದರೆ ಒಂದಿಷ್ಟೂ ವ್ಯರ್ಥವಾಗಬಾರದು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಭಾಗವನ್ನು ಕೋಣೆಗೆ ಮರಳಿ ಕೊಡುತ್ತದೆ. ಕಡು ಬಣ್ಣದ ಗೋಡೆ ಅದನ್ನು ನುಂಗುತ್ತದೆ. ಬಣ್ಣದ ಕಂಪನಿಗಳು ಈ ಗುಣಕ್ಕೆ 0 ಯಿಂದ 100ರ ವರೆಗೆ ಅಂಕ ಕೊಡುತ್ತವೆ. ಕಪ್ಪು 0 ಯ ಹತ್ತಿರ, ಒಳ್ಳೆಯ ಬಿಳಿ 80ರ ಮೇಲೆ. ಹೀಗೆ ಬಿಳಿ, ಕೆನೆ ಬಣ್ಣ, ತಿಳಿ ಬೂದು ಇವೆಲ್ಲ ಅವರಿಗೆ ಫ್ಯಾಷನ್ ಆಗುವ ಮೊದಲು ದೀಪದ ಕೆಲಸ ಮಾಡುತ್ತಿದ್ದವು.

ಈಗ ನಮ್ಮ ಕಡೆ ನೋಡಿ. ಹೊಸಪೇಟೆಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆಗಿಂತ ಹೆಚ್ಚು. ಮೇ ತಿಂಗಳ ಆರಂಭದಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ಎರಡನೇ ವಾರದ ಸುಮಾರಿಗೆ ಮತ್ತೊಮ್ಮೆ ಬರುತ್ತಾನೆ. ಅವರಿಗೆ ಬೆಳಕು ಸಾಲದು, ನಮಗೆ ಬೆಳಕು ಜಾಸ್ತಿ. ಪ್ರಶ್ನೆಯೇ ಬೇರೆ ಆದಾಗ ಉತ್ತರವನ್ನು ಹಾಗೆಯೇ ನಕಲು ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ.

ಅವರ ಮನೆ ಬರೀ ಬಿಳಿಯಲ್ಲ

ಇನ್ನೊಂದು ವಿಷಯ ಗಮನಿಸಬೇಕು. ಮೊಬೈಲಿನಲ್ಲಿ ಕಾಣುವ ಬಿಳಿ-ಬೂದು ಮನೆ ಆ ನಾಡಿನ ಬಣ್ಣಗಳ ಒಂದು ಭಾಗ ಮಾತ್ರ. ಸ್ವೀಡನ್ನಿನ ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಅವರ ಪತ್ನಿ ಕರಿನ್ ಲಾರ್ಸನ್ ಸುಂಡ್‌ಬೋರ್ನ್ ಎಂಬ ಹಳ್ಳಿಯ ತಮ್ಮ ಮನೆಯನ್ನು ಕೆಂಪು, ಹಸಿರು, ನೀಲಿ, ಹಳದಿಗಳಿಂದ ತುಂಬಿದ್ದರು. ಆ ಮನೆಯ ಜಲವರ್ಣ ಚಿತ್ರಗಳ ಪುಸ್ತಕ 1899ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಮನೆ ಹೇಗಿರುತ್ತದೆ ಎಂಬ ಕಲ್ಪನೆಯನ್ನು ಜಗತ್ತಿಗೆ ಕೊಟ್ಟವರಲ್ಲಿ ಈ ದಂಪತಿ ಮುಖ್ಯರು.

ಸುಂಡ್‌ಬೋರ್ನ್ ಹಳ್ಳಿಯ ಹತ್ತಿರದ ಪಟ್ಟಣ ಫಾಲುನ್. ನಮ್ಮ ಜಿಲ್ಲೆಯವರಿಗೆ ಈ ಊರಿನ ಕಥೆ ಬಹಳ ಹತ್ತಿರದ್ದು, ಏಕೆಂದರೆ ಅದೊಂದು ಗಣಿ ಊರು. ಅಲ್ಲಿ ಸುಮಾರು ಸಾವಿರ ವರ್ಷ ತಾಮ್ರ ತೆಗೆದರು. ತಾಮ್ರ ತೆಗೆದ ಮೇಲೆ ಉಳಿದ ಕಲ್ಲು-ಮಣ್ಣಿನ ರಾಶಿಗಳು ಊರ ಸುತ್ತ ಬಿದ್ದಿದ್ದವು. ಆ ರಾಶಿಗಳಲ್ಲಿ ಕಬ್ಬಿಣದ ಅಂಶ ಇತ್ತು. ಗಾಳಿ ಮಳೆಗೆ ಸಿಕ್ಕಿ ಅದು ಕೆಂಪು ಮಣ್ಣಿನ ಹಾಗೆ ಆಗುತ್ತಿತ್ತು. ಅದನ್ನು ತೊಳೆದು, ಸುಟ್ಟು, ಪುಡಿ ಮಾಡಿ, ನೀರು, ರೈ ಎಂಬ ಧಾನ್ಯದ ಹಿಟ್ಟು, ಸ್ವಲ್ಪ ಅಗಸೆ ಎಣ್ಣೆ ಸೇರಿಸಿ ಕುದಿಸಿದರೆ ಬಣ್ಣ ಸಿದ್ಧ. ಇದಕ್ಕೆ ಫಾಲುನ್ ಕೆಂಪು ಎಂದು ಹೆಸರು. ಬೆಲೆ ಕಡಿಮೆ, ಮರದ ಗೋಡೆಗೆ ರಕ್ಷಣೆ, ಬಿಸಿಲಿಗೆ ಮಾಸುವುದಿಲ್ಲ. ಹೀಗಾಗಿ ರೈತರ ಮನೆಗಳಿಗೆಲ್ಲ ಹಬ್ಬಿತು. ಇಂದಿಗೂ ಸ್ವೀಡನ್ನಿನ ಹಳ್ಳಿಗಳಲ್ಲಿ ಮನೆ ಎಂದರೆ ಕೆಂಪು ಗೋಡೆ, ಬಿಳಿ ಅಂಚು, ಬಿಳಿ ಕಿಟಕಿ ಚೌಕಟ್ಟು. ಫಾಲುನ್ ಗಣಿ 1992ರಲ್ಲಿ ಮುಚ್ಚಿತು. 2001ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಹಂಪಿ 1986ರಲ್ಲೇ ಸೇರಿದ ಪಟ್ಟಿ ಅದು. ಗಣಿ ಮುಚ್ಚಿದರೂ ಆ ಬಣ್ಣ ಇವತ್ತಿಗೂ ತಯಾರಾಗುತ್ತಿದೆ.

ಅಂದರೆ ಯಾವುದು ಗಣಿಯ ಕಸವಾಗಿತ್ತೋ ಅದೇ ಒಂದು ದೇಶದ ಗುರುತಾಯಿತು.

ನಮ್ಮ ಸುಣ್ಣ-ಕಾರಣೆ

ಸಂಡೂರಿನ ಬೆಟ್ಟಗಳಲ್ಲಿ ಇರುವ ಅದಿರು ಹೆಮಟೈಟ್. ಅದು ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಐರನ್ ಆಕ್ಸೈಡ್. ಫಾಲುನ್ ಬಣ್ಣಕ್ಕೆ ಕೆಂಪು ಕೊಡುವುದೂ ಐರನ್ ಆಕ್ಸೈಡೇ. ದೋಣಿಮಲೈ, ತೋರಣಗಲ್ಲು ಕಡೆಯ ರಸ್ತೆಯ ಪಕ್ಕದ ಮರದ ಎಲೆಗಳ ಮೇಲೆ ಕೂರುವ ಪುಡಿಯೂ ಅದೇ ಕುಟುಂಬದ್ದು. ರಸಾಯನಶಾಸ್ತ್ರ ಒಂದೇ. ಆದರೆ ಅಲ್ಲಿ ಅದು ಹೆಮ್ಮೆ, ಇಲ್ಲಿ ಧೂಳು.

ಆದರೆ ನಮ್ಮ ಹಿರಿಯರಿಗೆ ಈ ಕೆಂಪು ಬರೀ ಧೂಳಾಗಿರಲಿಲ್ಲ. ಹಳೆಯ ಮನೆಗಳ ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ತಾಗುವ ಕೆಳಭಾಗಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಆ ಕೆಂಪು ಪಟ್ಟಿಗೆ ಕಾರಣೆ ಎಂದು ಹೆಸರು. "ಸುಣ್ಣ-ಕಾರಣೆ ಆಯಿತಾ?" ಎಂದರೆ ಹಬ್ಬಕ್ಕೆ ಮನೆ ಸಿದ್ಧವಾಯಿತಾ ಎಂದೇ ಅರ್ಥ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಸುಣ್ಣಕ್ಕೆ ಚೂನಾ ಎನ್ನುತ್ತೇವೆ. ಹೆಸರು ಬೇರೆ, ಬಕೆಟ್ಟು ಒಂದೇ.

ಈಗ ಎರಡೂ ಮನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಸ್ವೀಡನ್ನಿನ ಹಳ್ಳಿ ಮನೆ: ಕೆಂಪು ಗೋಡೆ, ಬಿಳಿ ಅಂಚು. ನಮ್ಮ ಹಳ್ಳಿ ಮನೆ: ಬಿಳಿ ಗೋಡೆ, ಕೆಂಪು ಅಂಚು. ಅದೇ ಎರಡು ಬಣ್ಣ, ಜಾಗ ಮಾತ್ರ ಅದಲುಬದಲು. ಎರಡಕ್ಕೂ ಕಾರಣ ಇದೆ. ಅಲ್ಲಿ ಮನೆ ಮರದ್ದು. ಮಳೆ ಹಿಮದಿಂದ ಮರ ಉಳಿಯಲು ಗೋಡೆಯ ತುಂಬ ಕೆಂಪು ಬೇಕು. ಇಲ್ಲಿ ಮನೆ ಮಣ್ಣು-ಕಲ್ಲಿನದು. ಬಿಸಿಲನ್ನು ಹಿಂದಕ್ಕೆ ಕಳಿಸಲು ಗೋಡೆಯ ತುಂಬ ಬಿಳಿ ಬೇಕು, ಮಳೆನೀರು ಸಿಡಿದು ಕೆಸರು ತಾಗುವ ಕೆಳಭಾಗಕ್ಕೆ ಮಾತ್ರ ಕೆಂಪು ಬೇಕು. ಕೆಸರಿನ ಬಣ್ಣವೇ ಗೋಡೆಯ ಬಣ್ಣವಾದರೆ ಕಲೆ ಕಾಣುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ಇಬ್ಬರೂ ತಮ್ಮ ಕಾಲ ಕೆಳಗಿನ ಮಣ್ಣು, ತಲೆ ಮೇಲಿನ ಸೂರ್ಯ ಎರಡನ್ನೂ ನೋಡಿ ಮಾಡಿದ್ದು.

ಮನೆಯ ಒಳಗೂ ಸುಣ್ಣಕ್ಕೆ ಕೆಲಸ ಇತ್ತು. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣದು. ಹೊರಗಿನ ಬಿಸಿ ಒಳಗೆ ಬರಬಾರದು ಎಂದು ಹಾಗೆ ಕಟ್ಟುತ್ತಿದ್ದರು. ಹಾಗಾಗಿ ಒಳಗೆ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಬಿಲ್ಲೆ ಬೆಳಕನ್ನು ಸುಣ್ಣದ ಗೋಡೆ ಕೋಣೆಯ ತುಂಬ ಹರಡುತ್ತಿತ್ತು. ಸುಣ್ಣಕ್ಕೆ ಚಿಟಿಕೆ ನೀಲಿ ಸೇರಿಸಿದರೆ ಅದರ ಹಳದಿ ಛಾಯೆ ಹೋಗಿ ಇನ್ನೂ ಬೆಳ್ಳಗೆ ಕಾಣುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಇಲ್ಲಿ ಮಾತ್ರ ಅವರ ಪ್ರಶ್ನೆ ಮತ್ತು ನಮ್ಮ ಪ್ರಶ್ನೆ ಒಂದೇ ಆಗುತ್ತದೆ: ಕತ್ತಲ ಕೋಣೆಗೆ ಬೆಳಕು ತರುವುದು ಹೇಗೆ?

ತರುವುದು ತಪ್ಪಲ್ಲ

ಹಾಗಾದರೆ ಹೊರಗಿನ ಶೈಲಿ ಬೇಡವೇ ಬೇಡವೇ? ಹಾಗಲ್ಲ. ಸ್ವೀಡನ್ನಿನವರೂ ಹೊರಗಿನಿಂದ ತಂದವರೇ. ಅಲ್ಲಿನ ರಾಜ ಮೂರನೇ ಗುಸ್ತಾವ್ (ಆಳ್ವಿಕೆ 1771–1792) ಫ್ರಾನ್ಸಿನ ಅರಮನೆಗಳ ಶೈಲಿಗೆ ಮಾರುಹೋಗಿದ್ದ. ಆದರೆ ಸ್ವೀಡನ್ನಿನ ಮನೆಗಳಿಗೆ ಬಂದಾಗ ಆ ಶೈಲಿ ಬದಲಾಯಿತು. ಫ್ರಾನ್ಸಿನ ಚಿನ್ನದ ಲೇಪ, ದುಬಾರಿ ಮರದ ಜಾಗಕ್ಕೆ ಅಲ್ಲೇ ಸಿಗುವ ಪೈನ್ ಮರ ಬಂತು. ಅದಕ್ಕೆ ತಿಳಿ ಬೂದು, ತಿಳಿ ನೀಲಿ, ಬಿಳಿ ಬಳಿದರು. ಇಂದು ನಾವು ಸ್ಕ್ಯಾಂಡಿನೇವಿಯನ್ ಎನ್ನುವ ತಿಳಿ ಬಣ್ಣಗಳಿಗೆ ಇದೂ ಒಂದು ಮೂಲ.

ನಮ್ಮ ಹಂಪಿಯ ಕಮಲ ಮಹಲ್ ಕೂಡ ಹೀಗೆಯೇ. ಅದರ ಕಮಾನುಗಳು ಸುಲ್ತಾನರ ಕಟ್ಟಡಗಳ ಶೈಲಿಯವು, ಮೇಲಿನ ಗೋಪುರಗಳು ದೇವಾಲಯದ ಶೈಲಿಯವು. ಕಟ್ಟಿದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ. ಕಲ್ಪನೆ ಹೊರಗಿನದಾದರೂ ಸಾಮಗ್ರಿ ಇಲ್ಲಿಯದೇ ಆದ್ದರಿಂದ ಅದು ಇಲ್ಲಿಯ ಕಟ್ಟಡವಾಗಿಯೇ ನಿಂತಿದೆ.

ನಾವು ವಾಣಿಜ್ಯ ವಿದ್ಯಾರ್ಥಿಗಳು ಇನ್ನೊಂದನ್ನೂ ಗಮನಿಸಬೇಕು. ಈ ಶೈಲಿ ಜಗತ್ತಿಗೆ ಹರಡಿದ್ದು ತಾನಾಗಿಯೇ ಅಲ್ಲ. 1954ರಿಂದ 1957ರ ವರೆಗೆ "ಡಿಸೈನ್ ಇನ್ ಸ್ಕ್ಯಾಂಡಿನೇವಿಯಾ" ಎಂಬ ಪ್ರದರ್ಶನ ಅಮೆರಿಕ ಮತ್ತು ಕೆನಡಾಗಳಲ್ಲಿ ಊರೂರು ಸುತ್ತಿತು. ಸ್ವೀಡನ್ನಿನ ಇಂಗ್ವಾರ್ ಕಾಂಪ್ರಾಡ್ 1943ರಲ್ಲಿ ಐಕಿಯಾ ಶುರು ಮಾಡಿದಾಗ ಅವರಿಗೆ 17 ವರ್ಷ. ಅಂದರೆ ನಮ್ಮ ವಯಸ್ಸು. ಬಿಚ್ಚಿ ಚಪ್ಪಟೆ ಡಬ್ಬಿಯಲ್ಲಿ ತುಂಬಿ ಮಾರುವ ಪೀಠೋಪಕರಣದಿಂದ ಸಾಗಣೆ ಖರ್ಚು ಇಳಿಯಿತು, ಬೆಲೆ ಇಳಿಯಿತು. ಆ ಕಂಪನಿಯ ಮಳಿಗೆ 2018ರಲ್ಲಿ ಹೈದರಾಬಾದಿಗೆ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂತು. ನಮ್ಮ ಮೊಬೈಲಿನ ಫೋಟೊ ಹಿಂದೆ ಇಷ್ಟು ದೊಡ್ಡ ಮಾರುಕಟ್ಟೆ ಇದೆ. ಅದು ತಪ್ಪಲ್ಲ. ಆದರೆ ಕೊಳ್ಳುವವರಿಗೆ ತಿಳಿದಿರಬೇಕು.

ಊರಿಗೆ ತಕ್ಕ ಬಣ್ಣ

ಬಣ್ಣ ಆರಿಸುವವರು ಸಾಮಾನ್ಯವಾಗಿ 60-30-10 ಎಂಬ ಸೂತ್ರ ಹೇಳುತ್ತಾರೆ. ಕೋಣೆಯ 60 ಭಾಗ ಮುಖ್ಯ ಬಣ್ಣ, 30 ಭಾಗ ಎರಡನೇ ಬಣ್ಣ, 10 ಭಾಗ ಎದ್ದು ಕಾಣುವ ಬಣ್ಣ. ಇದನ್ನು ನಮ್ಮ ಊರುಗಳಿಗೆ ಹೀಗೆ ಹೊಂದಿಸಬಹುದು.

ಸಂಡೂರು ಮತ್ತು ಲಾರಿ ಓಡಾಡುವ ರಸ್ತೆಯ ಮನೆಗಳು: ಹೊರಗಿನ ಗೋಡೆಗೆ ಅಚ್ಚ ಬಿಳಿ ಬೇಡ. ಧೂಳಿನ ಬಣ್ಣಕ್ಕೆ ಹತ್ತಿರದ ಬಣ್ಣ ಆರಿಸಿ: ತಿಳಿ ಇಟ್ಟಿಗೆ, ಗೋಧಿ, ಬಾದಾಮಿ. ಕೆಳಗಿನ 3 ಅಡಿಗೆ ಕಾವಿ. ಮನೆಯಲ್ಲಿ ನಾವು ಹೇಳುವ ಬಣ್ಣದ ಹೆಸರುಗಳಲ್ಲೇ ಇದಕ್ಕೆ ಸುಳಿವು ಇದೆ. ಖಾಕ್ ಎಂದರೆ ಮಣ್ಣು, ಧೂಳು. ಖಾಕಿ ಎಂದರೆ ಧೂಳಿನ ಬಣ್ಣ. ಧೂಳಿನಲ್ಲಿ ಓಡಾಡುವವರ ಬಟ್ಟೆಗೆ ಆ ಬಣ್ಣ ಬಂದದ್ದೇ ಕೊಳೆ ಕಾಣಬಾರದು ಎಂದು. ಗೋಡೆಗೂ ಅದೇ ಲೆಕ್ಕ.

ಹೊಸಪೇಟೆಯ ಚಿಕ್ಕ ನಿವೇಶನದ ಮನೆಗಳು: ಅಕ್ಕಪಕ್ಕದ ಮನೆಗಳು ಅಂಟಿಕೊಂಡಿರುವುದರಿಂದ ನಡುವಿನ ಕೋಣೆಗೆ ಕಿಟಕಿಯೇ ಇರುವುದಿಲ್ಲ. ಹಗಲಲ್ಲೂ ಟ್ಯೂಬ್ ಲೈಟ್ ಹಾಕಬೇಕು. ಇಂಥ ಕೋಣೆಗೆ ಸ್ಕ್ಯಾಂಡಿನೇವಿಯನ್ ಬಿಳಿ ಸರಿಯಾದ ಉತ್ತರ. ಗೋಡೆ ಮತ್ತು ಛಾವಣಿ ಎರಡಕ್ಕೂ ಕೆನೆ ಬಿಳಿ ಬಳಿಯಿರಿ. ಆದರೆ ದಕ್ಷಿಣ, ಪಶ್ಚಿಮದ ಬಿಸಿಲು ನೇರ ಬೀಳುವ ಕೋಣೆಗೆ ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ. ಅಲ್ಲಿಗೆ ಪಿಸ್ತಾ, ತಿಳಿ ಫಿರೋಜಿಯಂಥ ತಣ್ಣನೆ ಬಣ್ಣ ಒಳ್ಳೆಯದು. ನಮ್ಮ ಅಜ್ಜಿಯರು ಆರಿಸುತ್ತಿದ್ದ ಬಣ್ಣಗಳು ಅವು, ಹಳೆಯ ಫ್ಯಾಷನ್ ಎಂದು ತಳ್ಳಬೇಡಿ.

ಕಂಪ್ಲಿ ಮತ್ತು ಕಾಲುವೆ ಪಕ್ಕದ ಊರುಗಳು: ಗದ್ದೆ, ಕಾಲುವೆ, ಹೊಳೆಯ ತೇವ ಗೋಡೆಯ ಬುಡದಿಂದ ಮೇಲೇರುತ್ತದೆ. ಗಾಳಿಯಾಡದ ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ಉಳಿದು ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಕ್ಷಾರ ಗುಣದಿಂದ ಬೂಷ್ಟು ಬೇಗ ಬರುವುದಿಲ್ಲ. ಒಂದು ಎಚ್ಚರಿಕೆ: ಈಗಾಗಲೇ ಪುಟ್ಟಿ ಅಥವಾ ಎಮಲ್ಷನ್ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರ ಇಡಿ.

ಎಲ್ಲ ಊರಿಗೂ: ಸೂರ್ಯ ನೆತ್ತಿಯ ಮೇಲೆ ಬರುವ ನಮ್ಮ ಕಡೆ ಹೆಚ್ಚು ಬಿಸಿಲು ಬೀಳುವುದು ಗೋಡೆಗಲ್ಲ, ಮಾಳಿಗೆಗೆ. ಬಿಳಿ ಬಣ್ಣ ಅತಿ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಅದು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿ ತಂದಿದೆ. ಆರ್‌ಸಿಸಿ ಮಾಳಿಗೆಗೆ ಬೇಸಿಗೆಗೆ ಮುಂಚೆ ಬಿಳಿ ಬಳಿದರೆ ಕೆಳಗಿನ ಕೋಣೆಯ ಬಿಸಿ ಇಳಿಯುತ್ತದೆ. ಫೋಟೊದಲ್ಲಿ ಇದು ಕಾಣುವುದಿಲ್ಲ, ರಾತ್ರಿ ಮಲಗಿದಾಗ ಗೊತ್ತಾಗುತ್ತದೆ.

ಇನ್ನು ಉಳಿದ 10 ಭಾಗಕ್ಕೆ ದೂರ ಹೋಗಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿ ಇದೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬಿಳಿ ಗೋಡೆಯ ಮುಂದೆ ಒಂದು ಲಂಬಾಣಿ ದಿಂಬಿನ ಕವರ್ ಇಟ್ಟರೆ ಬೇರೆ ಅಲಂಕಾರ ಬೇಕಿಲ್ಲ.

ಒಂದು ಸಣ್ಣ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಲೆಕ್ಕ ಹಾಕಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಎಂದುಕೊಳ್ಳಿ. ಸುತ್ತಳತೆ 44 ಅಡಿ. ಗೋಡೆಯ ಒಟ್ಟು ವಿಸ್ತೀರ್ಣ 44 × 10 = 440 ಚದರ ಅಡಿ. ಬಾಗಿಲು 3 × 7 = 21, ಕಿಟಕಿ 4 × 4 = 16. ಇವನ್ನು ಕಳೆದರೆ 403 ಚದರ ಅಡಿ. ಕೆಳಗಿನ 3 ಅಡಿಗೆ ಕಾವಿ ಬಣ್ಣ ಎಂದರೆ 44 × 3 = 132, ಬಾಗಿಲಿನ ಭಾಗ 9 ಕಳೆದರೆ 123. ಮೇಲಿನ ಬಿಳಿಗೆ 280 ಉಳಿಯುತ್ತದೆ. ಒಂದು ಲೀಟರ್ ಬಣ್ಣ ಎರಡು ಕೋಟಿಗೆ 60 ಚದರ ಅಡಿ ಬರುತ್ತದೆ ಎಂದಾದರೆ ಬಿಳಿ ಸುಮಾರು 5 ಲೀಟರ್, ಕಾವಿ 2 ಲೀಟರಿಗಿಂತ ತುಸು ಹೆಚ್ಚು. ನಿಮ್ಮ ಡಬ್ಬಿಯ ಮೇಲಿನ ಅಂಕಿ ನೋಡಿ 60ರ ಜಾಗದಲ್ಲಿ ಅದನ್ನು ಹಾಕಿ. ಇನ್ನೊಂದು ವಿಷಯ: 403ರಲ್ಲಿ 123 ಎಂದರೆ ಸುಮಾರು ಶೇ 30. ನಮ್ಮ ಹಿರಿಯರ ಕಾರಣೆ ಆ 60-30-10 ಸೂತ್ರಕ್ಕೆ ತಾನಾಗಿಯೇ ಹತ್ತಿರ ಬರುತ್ತದೆ!

ಸುಣ್ಣಕ್ಕೆ ಕೆಂಪು ಬೆರೆಸುವುದಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆಂದು ಮಾರುವ ರೆಡ್ ಆಕ್ಸೈಡ್ ಪುಡಿ ಸಾಕು. ಸುಣ್ಣದ ಕ್ಷಾರಕ್ಕೆ ಅದು ಕೆಡುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಗಣಿಯ ಧೂಳು ತಂದು ಬಳಿಯಬೇಡಿ. ಆ ಸಣ್ಣ ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಹಾನಿ.

ಬಿಲ್ಲಿನಲ್ಲಿ ಬರೆಯದ ಖರ್ಚು

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಬಂಡವಾಳ ವೆಚ್ಚ, ಕಂದಾಯ ವೆಚ್ಚ ಎಂದು ಓದುತ್ತೇವೆ. ಮನೆ ಕಟ್ಟುವಾಗಿನ ಮೊದಲ ಬಣ್ಣ ಬಂಡವಾಳ ವೆಚ್ಚದಲ್ಲಿ ಸೇರುತ್ತದೆ. ಆಮೇಲೆ ಮತ್ತೆ ಮತ್ತೆ ಬಳಿಯುವುದು ಕಂದಾಯ ವೆಚ್ಚ. ತಪ್ಪು ಬಣ್ಣ ಆರಿಸಿದರೆ ಈ ಎರಡನೇ ವೆಚ್ಚ ಬೇಗ ಬೇಗ ಬರುತ್ತದೆ.

ಆದರೆ ಯಾವ ಖಾತೆಯಲ್ಲೂ ಬರೆಯದ ಒಂದು ವೆಚ್ಚ ಇದೆ. ಆ ಬಿಳಿ ಗೋಡೆಯನ್ನು ವಾರ ವಾರ ಒರೆಸುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ, ಅಕ್ಕ, ಅತ್ತಿಗೆ. ಫೋಟೊ ತೋರಿಸಿ ಬಣ್ಣ ಆರಿಸುವವರು ಹೆಚ್ಚಾಗಿ ಅವರಲ್ಲ. ಸ್ವೀಡನ್ನಿನ ಫೋಟೊದ ಮನೆಯ ಹೊರಗೆ ಕೆಂಪು ಧೂಳು ಹಾರುವುದಿಲ್ಲ, ನಮ್ಮ ಮನೆಯ ಹೊರಗೆ ಹಾರುತ್ತದೆ. ಅದಕ್ಕೇ ಬಣ್ಣದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಮೂರು ಪ್ರಶ್ನೆ ಕೇಳಿ: ಈ ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ? ಈ ಗೋಡೆಗೆ ಧೂಳು, ತೇವ ಎಷ್ಟು? ಇದನ್ನು ಒರೆಸುವವರ ಅಭಿಪ್ರಾಯ ಏನು?

ಸ್ವೀಡನ್ನಿನವರು ಕೇಳಿಕೊಂಡದ್ದೂ ಹೆಚ್ಚುಕಡಿಮೆ ಇಂಥ ಪ್ರಶ್ನೆಗಳನ್ನೇ. ಅವರಿಂದ ನಾವು ಕಲಿಯಬೇಕಾದ್ದು ಇದೇ. ಈ ವರ್ಷ ನಿಮ್ಮ ಮನೆಗೆ ಬಣ್ಣ ಆಗುವುದಿದ್ದರೆ, ಮೊಬೈಲ್ ತೆಗೆಯುವ ಮೊದಲು ಒಮ್ಮೆ ನಿಮ್ಮ ಓಣಿಯ ಅತಿ ಹಳೆಯ ಮನೆಯ ಗೋಡೆ ನೋಡಿ ಬನ್ನಿ.